ಮೂವತ್ತೆರಡರ ಲೆಕ್ಕ

ಮಿಲಿಟರಿ ಪಟಾಲಮ್ಮಿನಿಂದ ಬಂದವನಿಗೆ ಊರಿನಲ್ಲಿ ಎಲ್ಲರೂ ದಡ್ಡರಂತೆ ಕಾಣುತ್ತಾರೆ. ನನಗೂ ಹಾಗೇ ಕಂಡಿತು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಹೊಳಲ್ಕೆರೆಯಲ್ಲಿ ನನ್ನ ಹೆಸರಿನಲ್ಲೇ ‘ಗುಡ್ಡಪ್ಪ ಕಾವಲು ಸಂಸ್ಥೆ’ ಎಂದು ಬೋರ್ಡು ಬರೆಸಿ, ನಮ್ಮ ಕುರುಬರಹಟ್ಟಿಯ ಏಳು ಜನಕ್ಕೆ ಖಾಕಿ ತೊಡಿಸಿದೆ. ಕುರಿ ಕಾದವರಿಗೆ ಗೋದಾಮು ಕಾಯುವುದು ಏನು ಮಹಾ! ನನ್ನ ಮಾತು ನಂಬಿ ಏಳು ಜನರೂ ಕುರಿ ಮಾರಿ ಬಂದರು.

ಸಿಕ್ಕಿದ್ದು ಒಂದೇ ಕೆಲಸ, ಸಾಹುಕಾರ ಪರಮೇಶ್ವರಪ್ಪನವರ ಶೇಂಗಾ ಗೋದಾಮು. ಶೇಂಗಾ ಆರಿಸುವ ಹೆಂಗಸರನ್ನು ಬೆಳಿಗ್ಗೆ ಎಣಿಸಿ ಒಳಗೆ ಬಿಡಬೇಕು, ಸಂಜೆ ಎಣಿಸಿ ಹೊರಗೆ ಬಿಡಬೇಕು. ಆಮೇಲೆ ಸಾಹುಕಾರರು ತಾವೇ ಬೀಗ ಹಾಕಿ ಅರಗಿನ ಮೊಹರು ಒತ್ತುತ್ತಿದ್ದರು. ಕಾವಲಿನವರು ಮೊಹರು ಮುಟ್ಟಿದರೆ ಕರಾರು ರದ್ದು. ಬೇರೆಯವರು ಮುಟ್ಟಿದರೆ ನಾನು ಅವರ ಹೆಸರು ಕೊಡಬೇಕು. ಕಣ್ಣುಮುಚ್ಚಿ ಸಹಿ ಹಾಕಿದ್ದೆ.

ಗೇಟಿನಲ್ಲಿ ನನ್ನ ಜೊತೆ ಆ ಏಳರಲ್ಲಿ ಒಬ್ಬನಾದ ಸಣ್ಣಪ್ಪ ನಿಲ್ಲುತ್ತಿದ್ದ. ಎಣಿಸು ಎಂದರೆ ಎಣಿಸುತ್ತಿರಲಿಲ್ಲ. ಎಣಿಸಿದರೆ ಮಂದೆಗೆ ಆಗಿಬರುವುದಿಲ್ಲ ಎಂದು ನಮ್ಮ ಹಟ್ಟಿಯವರ ನಂಬಿಕೆ. ಅವರು ಒಂದೊಂದೇ ಮುಖ ನೋಡಿ ಯಾವ ಕುರಿ ಬಂದಿಲ್ಲ ಎಂದು ಹೇಳುತ್ತಾರೆ.

“ಲೇ, ಇವು ಕುರಿ ಅಲ್ಲ ಕಣೋ, ನಂಬರು ಹೇಳು,” ಎಂದು ಗದರಿದರೆ, “ಮುಖ ಗೊತ್ತಾದ್ ಮ್ಯಾಲೆ ನಂಬರು ಯಾಕಣ್ಣ?” ಎನ್ನುತ್ತಿದ್ದ.

ಒಂದು ಶನಿವಾರ ಸಂಜೆ ಮೂವತ್ತೆರಡು ಜನ ಹೊರಗೆ ಬಂದರು. ಬೆಳಿಗ್ಗೆ ಹೋದವರೂ ಮೂವತ್ತೆರಡೇ.

“ಮಲ್ಲಕ್ಕನ ಮುಖ ಬರ್ಲಿಲ್ಲ,” ಎಂದ ಸಣ್ಣಪ್ಪ.

ಸಾಹುಕಾರರು ಶಿವಮೊಗ್ಗದ ಬಸ್ಸಿಗೆ ಅವಸರದಲ್ಲಿದ್ದರು. ಅವರೆದುರು ನನ್ನ ಲೆಕ್ಕ ತಪ್ಪಾಗುವುದುಂಟೇ? “ಲೆಕ್ಕ ಸರಿ ಐತೆ, ಹಾಕ್ರಿ ಬೀಗ,” ಎಂದೆ. ಇನ್ನು ಅವರು ಬರುವುದು ಸೋಮವಾರ.

ಬಸ್ಸು ಹೋದ ಮೇಲೆ, ಬೇವಿನ ಮರದ ಕೆಳಗೆ ಕಾಯುತ್ತಿದ್ದ ಬೊಮ್ಮಕ್ಕ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. “ನಮ್ ಸೊಸೆ ಮಲ್ಲಕ್ಕ ಎಲ್ಲಪ್ಪ? ಕೂಸಿಗೆ ಹಾಲು ಕುಡಿಸ್ಬೇಕು.”

ನನಗೆ ಆಗ ಹೊಳೆಯಿತು. ಮಧ್ಯಾಹ್ನ ನೀರು ಹೊತ್ತುಕೊಂಡು ಒಳಗೆ ಹೋದ ಮುದುಕಿಯನ್ನು ನಾನು ಎಣಿಸಿರಲಿಲ್ಲ. ಸಂಜೆ ಎಣಿಸಿದ್ದೆ. ಜ್ವರ ಬಂದು ಚೀಲಗಳ ಹಿಂದೆ ಮಲಗಿಬಿಟ್ಟಿದ್ದ ಮಲ್ಲಕ್ಕ ಒಳಗಿನಿಂದ ಬಾಗಿಲು ಬಡಿಯತೊಡಗಿದಳು.

“ಅಣ್ಣಾ, ಕೂಸು ಅಳೋದು ಕೇಳ್ತೈತೆ, ತೆಗೀರಣ್ಣ!”

ಮೊಹರು ಒಡೆದರೆ ಕುರಿ ಮಾರಿ ಬಂದ ಏಳು ಸಂಸಾರ ಬೀದಿಗೆ ಬೀಳುತ್ತದೆ. ಒಡೆಯದಿದ್ದರೆ ಸೋಮವಾರದವರೆಗೆ ಹೀಗೇ. “ತಡಿಯವ್ವ, ಶಿವಮೊಗ್ಗಕ್ಕೆ ಹೇಳಿ ಕಳಿಸ್ತೀನಿ,” ಎಂದೆ. ಹೇಳುವಾಗಲೇ ನನ್ನ ಮೇಲೆ ನನಗೆ ಅಸಹ್ಯವಾಯಿತು.

ಸಣ್ಣಪ್ಪ ಖಾಕಿ ಅಂಗಿ ಬಿಚ್ಚಿ, ಮಡಿಚಿ ನನ್ನ ಕೈಗಿಟ್ಟ. “ಈಗ ನಾನು ನಿನ್ನ ಕಾವಲಿನವನಲ್ಲ. ನನ್ ಹೆಸ್ರು ಕೊಡು,” ಎಂದು ಗುಂಡುಕಲ್ಲು ಎತ್ತಿಕೊಂಡ. ಮೂರು ಏಟಿಗೆ ಬೀಗ ಬಿತ್ತು.

ಸೋಮವಾರ ಪರಮೇಶ್ವರಪ್ಪನವರು, “ಯಾರು ಒಡೆದಿದ್ದು?” ಎಂದರು. ಮಲ್ಲಕ್ಕನ ಗೋಳು, ನನ್ನ ತಪ್ಪು ಲೆಕ್ಕ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದು ಸಣ್ಣಪ್ಪನ ಹೆಸರೊಂದೇ. ಕೆಲಸ ಬಿಟ್ಟವನ ಹೆಸರು ಮುಚ್ಚಿಡದೆ ಕೊಟ್ಟೆನೆಂದು ಅವರು ಬೆನ್ನು ತಟ್ಟಿ ಕರಾರನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಿದರು.

ಸಣ್ಣಪ್ಪ ಈಗ ಜೋಗಿಮಟ್ಟಿ ಕಡೆ ಬೇರೆಯವರ ಕುರಿ ಕಾಯುತ್ತಾನಂತೆ. ನಾನು ಗೇಟಿನಲ್ಲೇ ಇದ್ದೇನೆ. ಬಿಟ್ಟುಹೋಗೋಣವೆಂದರೆ ಉಳಿದ ಆರು ಸಂಸಾರ ಕಣ್ಣ ಮುಂದೆ ಬರುತ್ತವೆ. ಸಂಜೆ ಮಲ್ಲಕ್ಕ ಯಾವಾಗ ಹೊರಗೆ ಬಂದಳೋ ನನಗೆ ತಿಳಿಯುವುದಿಲ್ಲ. ತಲೆ ತಗ್ಗಿಸಿ ನಿಂತಿರುತ್ತೇನೆ. ಅರವತ್ತನಾಲ್ಕು ಪಾದ ದಾಟಿದ ಮೇಲೆ, ಹಾಕ್ರಿ ಬೀಗ ಎನ್ನುತ್ತೇನೆ.