ಟೈಲರಣ್ಣನ ಪ್ಯಾಂಟಿನ ಜೇಬುಗಳು

ಹೊಟ್ಟೆನೋವು ಯಾರ ಮನೆಯಲ್ಲಿಲ್ಲ ಹೇಳಿ? ಟೈಲರಣ್ಣನಿಗೂ ಇತ್ತು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು, ಆಮೇಲೆ ಉರಿ, ವಾಂತಿ. ಗ್ಯಾಸು ಅಂದುಕೊಂಡು ಮಾತ್ರೆ ನುಂಗಿ ಮತ್ತೆ ಮೆಷಿನ್ ತುಳಿಯುತ್ತಿದ್ದ. ಪ್ಯಾಂಟು ಜಾರತೊಡಗಿದಾಗ ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ಇವನೋ ಟೈಲರ್! ಸೊಂಟದ ಹಿಂಬದಿ ಹೊಲಿಗೆ ಬಿಚ್ಚಿ, ಬಟ್ಟೆ ಒಳಗೆ ಮಡಚಿ, ಮತ್ತೆ ಹೊಲಿದುಬಿಡುತ್ತಿದ್ದ. ಮೈ ಕರಗುತ್ತಿರುವುದು ಹೆಂಡತಿಗೂ ಗೊತ್ತಾಗಲಿಲ್ಲ.

ಒಂದು ದಿನ ನರ್ಸ್ ಆಗಿರುವ ಅವನ ತಂಗಿ ಅಂಗಡಿಗೆ ಬಂದಳು.

"ಅಣ್ಣಾ, ನಿನ್ನ ಹಿಂದಿನ ಜೇಬೆರಡೂ ಯಾಕೆ ಒಂದಕ್ಕೊಂದು ಮುತ್ತಿಡ್ತಿವೆ? ಎಷ್ಟು ಸಲ ಟೈಟ್ ಮಾಡ್ಕೊಂಡೆ?"

"ತೆಳ್ಳಗಾಗಿದೀನಿ. ಹೊಟ್ಟೆಕಿಚ್ಚಾ ನಿಂಗೆ?"

"ಕಿಚ್ಚು ನಿನ್ನ ಹೊಟ್ಟೇಲಿದೆ. ಮಲ ಕಪ್ಪಗೆ ಹೋಗ್ತಿದೆಯಾ? ಒಳಗೆ ರಕ್ತ ಸೋರಿದ್ರೆ ಹಾಗಾಗುತ್ತೆ."

ಅವನು ತಲೆ ತಗ್ಗಿಸಿ "ಹೂಂ" ಎಂದ. ಗುಂಡಿ ಹೊಲಿಯುತ್ತಿದ್ದ ಹೆಂಡತಿ ಸೂಜಿ ಕೆಳಗಿಟ್ಟಳು. "ನಂಗೂ ಹೇಳ್ಲಿಲ್ವಲ್ಲ ನೀವು" ಎಂದು ಅತ್ತೇಬಿಟ್ಟಳು.

ಆಸ್ಪತ್ರೆಯಲ್ಲಿ ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ, ಜಠರದ ಒಂದು ಚೂರು ತೆಗೆದು ಪರೀಕ್ಷಿಸಿದರು. ಲಿಂಫೋಮಾ. ಒಂದು ಬಗೆಯ ಕ್ಯಾನ್ಸರ್, ಬೇಗ ಬೆಳೆಯುವಂಥದ್ದು.

"ಬೇಗ ಬೆಳೆಯುತ್ತಂತೆ. ಮುಗೀತು ಬಿಡು, ಮನೆಗೆ ಹೋಗೋಣ" ಎಂದ ಟೈಲರಣ್ಣ.

"ಮುಗೀತು ಅಂತ ಯಾರು ಹೇಳಿದ್ದು?" ತಂಗಿ ರೇಗಿದಳು. "ಬೇಗ ಬೆಳೆಯೋ ಕಣಗಳಿಗೇ ಹೊಡೆಯೋ ಔಷಧ ಇದೆ. ಎಲ್ಲರಿಗೂ ವಾಸಿಯಾಗುತ್ತೆ ಅಂತ ಸುಳ್ಳು ಹೇಳಲ್ಲ. ಆದ್ರೆ ತುಂಬ ಜನಕ್ಕೆ ಆಗಿದೆ. ಕಾಯಿಲೆಗೇ ಅಷ್ಟು ಅವಸರ ಇದ್ರೆ, ನಮಗೆ ಅದಕ್ಕಿಂತ ಜಾಸ್ತಿ ಇರ್ಬೇಕು."

ಹೆಂಡತಿ ಅವನ ಕೈ ಹಿಡಿದೆಳೆದಳು. ಚಿಕಿತ್ಸೆ ಶುರುವಾಯಿತು.

ಔಷಧದಿಂದ ಕೂದಲು ಉದುರಿತು. ವೈದ್ಯರು ಒಪ್ಪಿದ ದಿನಗಳಲ್ಲಿ ಅಂಗಡಿ ತೆರೆಯುತ್ತಿದ್ದ. ಚಿಕ್ಕಪ್ಪ ಬಂದು ಪಿಸುಗುಟ್ಟಿದರು, "ಬಾಗಿಲು ಹಾಕೋ. ಗೊತ್ತಾದ್ರೆ ಯಾರೂ ಬಟ್ಟೆ ಕೊಡಲ್ಲ."

ಟೈಲರಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಕಾಯಿಲೆ ಬಂದಿರೋದು ಹೊಟ್ಟೆಗೆ ಚಿಕ್ಕಪ್ಪ, ಮಾನಕ್ಕಲ್ಲ."

ಗಿರಾಕಿಯೊಬ್ಬರು ಅವನ ಬೋಳುತಲೆ ನೋಡಿ ಹೊಸ್ತಿಲಲ್ಲೇ ನಿಂತಿದ್ದರು. ಇವನೇ ಗಟ್ಟಿಯಾಗಿ ಹೇಳಿದ, "ಲಿಂಫೋಮಾ ಅಂತ. ಕ್ಯಾನ್ಸರ್ರೇ. ಔಷಧ ನಡೀತಿದೆ, ಅಂಟೋ ಕಾಯಿಲೆಯಲ್ಲ. ಒಳಗೆ ಬಂದು ಕೈ ಎತ್ತಿ, ಅಳತೆ ತಗೋತೀನಿ."

ಗಿರಾಕಿ ಒಳಗೆ ಬಂದು ಕೈ ಎತ್ತಿದರು. ಚಿಕ್ಕಪ್ಪ ಸ್ಟೂಲು ಎಳೆದುಕೊಂಡು ಕೂತರು.

ಓದುತ್ತಿರುವವರೇ, ವಾರಗಟ್ಟಲೆ ಬಿಡದ ಹೊಟ್ಟೆನೋವು, ವಾಂತಿ, ಕಪ್ಪು ಮಲ, ಕಾರಣವಿಲ್ಲದೆ ಇಳಿಯುವ ತೂಕ, ಮಲಗಿದಾಗ ಬಟ್ಟೆ ತೋಯುವಷ್ಟು ಬೆವರು, ಇವುಗಳಲ್ಲಿ ಯಾವುದೇ ಇದ್ದರೂ ಮುಚ್ಚಿಡಬೇಡಿ. ಎಲ್ಲ ಹೊಟ್ಟೆನೋವೂ ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ಆ ಮಾತನ್ನು ವೈದ್ಯರ ಬಾಯಿಂದಲೇ ಕೇಳಿ. ನಾಚಿಕೆ, ಭಯ ಎರಡನ್ನೂ ಮನೆಯಲ್ಲೇ ಬಿಟ್ಟು ಇವತ್ತೇ ಹೊರಡಿ.