ಎಣಿಕೆಗೆ ಸಿಗದ ತಟ್ಟೆ

ನಾನೊಂದು ಗಾಜಿನ ತಟ್ಟೆ. ಅಂಗೈಯಗಲ, ಮೇಲೊಂದು ಗಾಜಿನ ಮುಚ್ಚಳ. ಕುಲುಮೆಯಿಂದ ಹೊರಬಿದ್ದ ನನ್ನನ್ನು ಮೊದಲು ಕೊಂಡದ್ದು ಒಂದು ಕಾಲೇಜು. ಅಲ್ಲಿ ವಿದ್ಯಾರ್ಥಿಗಳು ನನ್ನಲ್ಲಿ ಬೂಷ್ಟು ಬೆಳೆಸಿ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ವಿಭಾಗ ಮುಚ್ಚಿದ ಮೇಲೆ ನೀರು ಪರೀಕ್ಷಾಲಯದ ಇಂದುಮತಿ ಬಡಿಗೇರ ಅವರ ಕೈಗೆ ಬಂದೆ.

ನೀರಿನಲ್ಲಿ ಬದುಕಿರುವ ಬ್ಯಾಕ್ಟೀರಿಯಾಗಳನ್ನು ಎಣಿಸುವುದು ಅವರ ಕೆಲಸ. ತುಸು ನೀರನ್ನು ನನ್ನೊಳಗೆ ಬಿಟ್ಟು, ಮೇಲೆ ಅಗರ್ ಎಂಬ ಗಂಜಿ ಸುರಿದು, ಅದು ಹೆಪ್ಪುಗಟ್ಟಿದ ಮೇಲೆ ಬೆಚ್ಚನೆಯ ಪೆಟ್ಟಿಗೆಯಲ್ಲಿ ಎರಡು ದಿನ ಇಡುತ್ತಿದ್ದರು. ಕಣ್ಣಿಗೆ ಕಾಣದ ಒಂದೊಂದು ಜೀವಿಯೂ ಅಷ್ಟರಲ್ಲಿ ಸಾಸಿವೆಯಷ್ಟು ಚುಕ್ಕೆಯಾಗುತ್ತಿತ್ತು. ನನ್ನನ್ನು ಕವುಚಿ, ತಳಕ್ಕೆ ಪೆನ್ನಿನಿಂದ ಗುರುತು ಹಾಕುತ್ತ ಎಣಿಸುವಾಗ ಅವರ ಮುಖ ನನಗೆ ಬಹಳ ಹತ್ತಿರ ಬರುತ್ತಿತ್ತು.

ಒಂದು ಬೇಸಿಗೆ ಊರಲ್ಲಿ ವಾಂತಿಭೇದಿ ಹಬ್ಬಿತು. ಎಲ್ಲರೂ ಕುಂಬಾರ ಓಣಿಯ ಹಳೆಯ ಬಾವಿಯತ್ತ ಬೆರಳು ತೋರಿಸಿದರು. ಇಂದುಮತಿಯೂ ನಂಬಿದರು. ಹೆರಿಗೆ ವಾರ್ಡಿನ ನರ್ಸ್ ಎಸ್ತೇರಮ್ಮನಿಗೆ ಫೋನ್ ಮಾಡಿ, "ಬಾವಿ ನೀರು ಬ್ಯಾಡ್ರಿ. ಹೊಸ ಫಿಲ್ಟರ್ ಘಟಕದ್ದು ತರಿಸ್ರಿ" ಅಂದರು. ಆಮೇಲೆ ಎರಡೂ ನೀರನ್ನು ಪರೀಕ್ಷೆಗಿಟ್ಟರು. ಬಾವಿಯದು ಪಕ್ಕದ ತಟ್ಟೆಗೆ, ಫಿಲ್ಟರಿನದು ನನಗೆ.

ಎರಡು ದಿನ ಕಳೆದು ಪೆಟ್ಟಿಗೆ ತೆರೆದರು. ಬಾವಿಯ ತಟ್ಟೆಯಲ್ಲಿ ಬರೀ ಹದಿನೇಳು ಚುಕ್ಕೆ, ಹೆದರುವಂಥದ್ದಲ್ಲ. ನನ್ನನ್ನು ಕೈಗೆತ್ತಿಕೊಂಡವರು ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ. ಚುಕ್ಕೆಗೆ ಚುಕ್ಕೆ ಅಂಟಿ ನನ್ನ ತುಂಬ ಹಾಲಿನ ಕೆನೆಯಂತೆ ಹರಡಿತ್ತು. ಚೀಟಿ ಅದಲುಬದಲಾಗಿದೆಯೇನೋ ಎಂದು ಮೂರು ಸಲ ಓದಿದರು. ಆಗಿರಲಿಲ್ಲ. ಕೂಡಲೇ ಹೆರಿಗೆ ವಾರ್ಡಿಗೆ ಫೋನ್ ಮಾಡಿದರು.

"ಎಸ್ತೇರಮ್ಮ, ಆ ನೀರು ಯಾರಿಗೂ ಕೊಡಬ್ಯಾಡ್ರಿ."

ಆ ಕಡೆಯಿಂದ ಎಸ್ತೇರಮ್ಮನ ದನಿ ಬಂತು. "ನಿನ್ನೆಯಿಂದ ಐದು ಮಂದಿ ಬಾಣಂತ್ಯಾರು ವಾಂತಿಭೇದಿ ಆಗಿ ಮಲಗ್ಯಾರ್ರೀ ಮೇಡಂ."

ನಾಲ್ವರು ಗುಣವಾದರು. ರುಕ್ಮವ್ವ ಎಂಬಾಕೆ ಮನೆಗೆ ಮರಳಲಿಲ್ಲ.

ಫಿಲ್ಟರ್ ಘಟಕದ ತೊಟ್ಟಿಗೆ ಚರಂಡಿ ಸೋರುತ್ತಿತ್ತಂತೆ, ಘಟಕಕ್ಕೆ ಬೀಗ ಬಿತ್ತು. ಇಂದುಮತಿ ವರದಿಯ ಕೊನೆಗೆ, "ಈ ನೀರು ಕುಡಿಸಲು ಹೇಳಿದವಳು ನಾನು" ಎಂದು ಬರೆದರು.

"ಆ ಸಾಲು ಯಾರು ಕೇಳ್ಯಾರ? ತೆಗೀರಿ" ಅಂದರು ಮೇಲಧಿಕಾರಿ.

"ರುಕ್ಮವ್ವನ ಮನಿಯವರು ಕೇಳ್ಯಾರ್ರೀ ಸರ್." ಸಾಲು ಹಾಗೇ ಉಳಿಯಿತು.

ಈಗ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗಳು ಬಂದಿವೆ. ಅಂಚು ಮುಕ್ಕಾದ ನಾನು ಕಪಾಟಿನ ಮೂಲೆ ಸೇರಿದ್ದೇನೆ. ಸುಡುವ ಹಬೆಯಲ್ಲಿ ಎಷ್ಟೋ ಸಲ ಬೆಂದಿದ್ದೇನೆ. ನನ್ನಲ್ಲಿ ಆ ನೀರಿನ ಒಂದು ಕಣವೂ ಉಳಿದಿಲ್ಲ. ಆದರೆ ಇಂದುಮತಿ ಅಂದಿನಿಂದ ಎಂದೂ ಅವಸರದ ಮಾತು ಆಡುವುದಿಲ್ಲ. ಯಾರಾದರೂ ಫಲಿತಾಂಶಕ್ಕೆ ಮೊದಲೇ, ಈ ನೀರು ಕುಡಿಯಬಹುದೇ ಎಂದು ಕೇಳಿದರೆ, "ಎರಡು ದಿನ ತಡೀರಿ, ಅಲ್ಲೀತನಕ ಕುದಿಸಿ ಕುಡೀರಿ" ಅನ್ನುತ್ತಾರೆ. ಆ ದನಿ ನನಗೆ ಮೂಲೆಯವರೆಗೂ ಕೇಳಿಸುತ್ತದೆ.