ಮಿದುಳಿನ ಜಿಡ್ಡಿನ ಕಾವಲುಗಾರ್ತಿ

ಕೈ ಮೂಸಿ ನೋಡದೆ ಯಾರನ್ನೂ ತಮ್ಮ ಪ್ರಯೋಗಶಾಲೆಯ ಹೊಸ್ತಿಲು ದಾಟಲು ಬಿಟ್ಟವರಲ್ಲ ಸಲ್ಬಿಯಾ. ಮಲೇಷ್ಯಾದ ಪಿನಾಂಗಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮಿದುಳಿನ ಕೊಬ್ಬನ್ನು ಬೇರ್ಪಡಿಸಿ ಅಳೆಯುವ ಆ ಕೋಣೆಗೆ ಅವರು ಇಪ್ಪತ್ತಾರು ವರ್ಷಗಳ ಒಡತಿ; ಎಲ್ಲರ ಬಾಯಲ್ಲೂ ‘ಕಾಕ್’, ಅಂದರೆ ಅಕ್ಕ. ಒಮ್ಮೆ ಕರಿದ ಬಾಳೆಹಣ್ಣು ತಿಂದು ಬಂದ ವಿಭಾಗದ ಮುಖ್ಯಸ್ಥರನ್ನೇ ಬಾಗಿಲಲ್ಲಿ ತಡೆದು, “ಸಾರ್, ಇಲಿ ಮಿದುಳಿನ ಜಿಡ್ಡೇ ಸಾಕಾಗಿದೆ ನಂಗೆ, ನಿಮ್ಮ ಬಾಳೆಹಣ್ಣಿಂದು ಬೇಡ. ಸೋಪು ಅಲ್ಲಿದೆ,” ಎಂದಿದ್ದರು. ಮುಖ್ಯಸ್ಥರು ತೆಪ್ಪಗೆ ಕೈ ತೊಳೆದರು.

ಮೊಣಕೈವರೆಗೆ ಮಡಚಿದ ಕೋಟು, ಜೇಬಿನಲ್ಲಿ ಸದಾ ಎರಡು ಗಾಜಿನ ನಳಿಕೆಗಳ ಕಿಣಿಕಿಣಿ, ನಳಿಕೆಗಳ ತಟ್ಟೆ ಹಿಡಿದಾಗ ತುಂಬಿದ ಕೊಡ ಹೊತ್ತವರ ನಡಿಗೆ, ಕೆಳಗಿಟ್ಟ ಮರುಕ್ಷಣವೇ ಓಟ. ಗಾಜಲ್ಲದ ನಳಿಕೆಯನ್ನು ಅವರು ಮುಟ್ಟುತ್ತಿರಲಿಲ್ಲ. ಆ ಗಾಜನ್ನೂ ಇನ್ನೊಬ್ಬರು ತೊಳೆದರೆ ನಂಬುತ್ತಿರಲಿಲ್ಲ.

ಉರಿಯೂತಕ್ಕೆ ಸಿಕ್ಕ ಮಿದುಳಿನಲ್ಲಿ ನರಕೋಶದ ಪೊರೆಯ ಕೊಬ್ಬು ಹೇಗೆ ಬದಲಾಗುತ್ತದೆಂದು ನಾಲ್ಕು ವರ್ಷ ಹುಡುಕಿ ಬರಿಗೈಯಲ್ಲಿದ್ದ ನಮ್ಮ ಸಂಶೋಧನಾ ವಿದ್ಯಾರ್ಥಿ ಬೂನ್ ಕಿಯಾಟ್, ಪ್ರಬಂಧ ಒಪ್ಪಿಸಲು ಎರಡೇ ತಿಂಗಳಿರುವಾಗ ಕುಣಿದುಕೊಂಡು ಬಂದ. ರೋಗದ ಮಿದುಳುಗಳಲ್ಲೆಲ್ಲ ಹೊಸದೊಂದು ಕೊಬ್ಬು, ಆರೋಗ್ಯದವುಗಳಲ್ಲಿ ಅದರ ಸುಳಿವೇ ಇಲ್ಲ! ನಾವೆಲ್ಲ ಬೆನ್ನು ತಟ್ಟಿದೆವು. ಸಲ್ಬಿಯಾ ಮಾತ್ರ ಕನ್ನಡಕ ಮೇಲೆತ್ತಿ, “ಯಾವ ನಳಿಕೇಲಿ ಮಾಡ್ದೆ?” ಎಂದರು.

“ಆರೋಗ್ಯದ್ದು ನಿಮ್ಮ ಗಾಜಲ್ಲೇ ಕಾಕ್. ರೋಗದ್ದು ಮಾಡೋವಾಗ ಗಾಜು ಒಣಗಿರ್ಲಿಲ್ಲ. ಪಕ್ಕದ ಲ್ಯಾಬಿಂದ ಪ್ಲಾಸ್ಟಿಕ್ ತಂದೆ.”

ಸಲ್ಬಿಯಾ ಅಂಥದೇ ಪ್ಲಾಸ್ಟಿಕ್ ನಳಿಕೆಯೊಂದಕ್ಕೆ ಮಿದುಳಿನ ಚೂರೂ ಹಾಕದೆ ಕೊಬ್ಬು ಕರಗಿಸುವ ಕ್ಲೋರೋಫಾರಂ ಮಾತ್ರ ಸುರಿದು, ಅದನ್ನು ಅಳೆಯುವ ಯಂತ್ರಕ್ಕೆ ಕೊಟ್ಟರು. ಪರದೆಯ ಮೇಲೆ ಅದೇ ಹೊಸ ಕೊಬ್ಬಿನ ಗುರುತು, ಅಷ್ಟೇ ಎತ್ತರಕ್ಕೆ ಎದ್ದು ನಿಂತಿತು.

“ಇದಕ್ಕೆ ಮಿದುಳೇ ಇಲ್ವಲ್ಲೋ. ಇದಕ್ಕೂ ಉರಿಯೂತ ಬಂತಾ?”

ಕಿಯಾಟ್ ಕುಸಿದು ಕೂತ. ನನಗಂತೂ ಆ ಗಳಿಗೆಯಲ್ಲಿ ಅವರ ಮೇಲೆ ಕೆಟ್ಟ ಕೋಪ ಬಂತು.

ಮರುದಿನ ಭಾನುವಾರ. ರಜೆಯ ದಿನ ಬಂದು ನಲವತ್ತೆಂಟು ನಳಿಕೆ ತೊಳೆದು ಒಣಗಿಸಿಟ್ಟು, ಅವರೇ ಅವನಿಗೆ ಫೋನ್ ಮಾಡಿದ್ದರು: “ಅಳೋದು ಆಮೇಲೆ. ಮಿದುಳು ಮಿಕ್ಕಿದ್ಯಾ?”

“ಅರ್ಧರ್ಧ ಇದೆ ಕಾಕ್.”

“ಧಾರಾಳ ಆಯ್ತು. ಬಾ.”

ಒಂಬತ್ತು ದಿನ ಇಬ್ಬರೂ ಒಟ್ಟಿಗೆ ದುಡಿದರು. ಪ್ಲಾಸ್ಟಿಕ್ಕಿನ ಸುಳ್ಳು ಕೊಬ್ಬು ತೊಲಗಿದ ಮೇಲೆ ಅದರ ಅಬ್ಬರದಲ್ಲಿ ಯಾರೂ ಗಮನಿಸದಿದ್ದ ಸಂಗತಿ ಕಂಡಿತು: ಪೊರೆಯಲ್ಲಿ ಸಹಜವಾಗಿರಬೇಕಾದ ಒಂದು ಕೊಬ್ಬು ರೋಗದ ಪ್ರತಿ ಮಿದುಳಿನಲ್ಲೂ ಕಡಿಮೆಯಾಗಿತ್ತು. ಅಂತರ ಸಣ್ಣದು, ಆದರೆ ಒಂದರಲ್ಲೂ ತಪ್ಪಿರಲಿಲ್ಲ. ಕಿಯಾಟ್ ಮೂರು ಸಲ ಅಳೆದ, ಸಲ್ಬಿಯಾ ನಾಲ್ಕನೆಯ ಸಲ ಅಳೆದರು. ಆಮೇಲೆ ಕಾರಿಡಾರಿಗೆಲ್ಲ ಕೇಳುವಂತೆ ಗಂಡನಿಗೆ ಫೋನಿನಲ್ಲಿ, “ರೀ, ನಮ್ ಹುಡುಗಂಗೆ ಸಿಕ್ತು ಕಣ್ರೀ!” ಎಂದು ಕೂಗಿದರು. ಕಿಯಾಟ್ ನಗುತ್ತಿದ್ದ, ಅವರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಂಥವರು ಕೆಲಸ ನಡೆಯುವ ಎಡೆಯಲ್ಲೆಲ್ಲ ಒಬ್ಬೊಬ್ಬರಿರುತ್ತಾರೆ. ನಮ್ಮ ಸಂತೋಷವನ್ನು ಮೊದಲು ಅನುಮಾನಿಸುವವರೆಂದು ಅವರನ್ನು ಕಹಿ ಮನಸ್ಸಿನವರೆಂದೇ ತಿಳಿಯುತ್ತೇವೆ. ಆ ಸಂತೋಷ ನಿಜವಾದ ದಿನ ನಮಗಿಂತ ಮೊದಲು ಅವರ ಕಣ್ಣು ತುಂಬಿರುತ್ತದೆ.